ಕೆರೆಗೆ ಬಿದ್ದ ಎಣ್ಣೆ ಮತ್ತು ಮಾನ್ಯ ಅಧ್ಯಕ್ಷರು

ತಿರ್ಲಾಪುರ
೧೪ ಸೆಪ್ಟೆಂಬರ್ ೨೦೨೫

ಸಂಶಿ ಊರಿನ ಸೊಸೆಯೂ ನನ್ನ ಒಬ್ಬಳೇ ಅಕ್ಕನೂ ಆದ ಸೀಮಾ ಅವರ ಪಾದಗಳಿಗೆ, ತೊಳೆದಿದ್ದರೆ, ನಮಸ್ಕಾರ.

ಫೋನ್ ಮಾಡಿದರೆ ನಡುವೆ ಅಳುತ್ತಿ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಪಂಚಾಯ್ತಿಯ ಮಾನ್ಯ ಅಧ್ಯಕ್ಷರಾದ ಶ್ರೀಮತಿ ದೇವಕ್ಕನವರು, ಅಂದರೆ ಅವ್ವ, ಕ್ಷೇಮ. ಅವರ ಯಜಮಾನರಾದ ಶ್ರೀ ಮಾಳಿಂಗರಾಯರು, ಅಂದರೆ ಅಪ್ಪ, ಮೌನವ್ರತದಲ್ಲಿದ್ದಾರೆ.

ಸೋಮವಾರ ಬೆಳಿಗ್ಗೆ ಗೌಸಬಿ ಆಯಿ ಕುಡಿಯುವ ನೀರಿನ ಕೆರೆಗೆ ಹೋದರೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅಷ್ಟರಲ್ಲಿ ಅರ್ಧ ಊರು ಕೊಡ ತುಂಬಿಕೊಂಡು ಹೋಗಿತ್ತು. ಹತ್ತಿಗೆ ಹುಳ ಸಾಯುವ ಎಣ್ಣೆ ಹೊಡೆದ ಪಂಪನ್ನು ಯಾರೋ ಕೆರೆಯ ಪಾವಟಿಗೆ ಮೆಟ್ಟಿಲ ಮೇಲೆ ತೊಳೆದಿದ್ದರು. ಚಪ್ಪಲಿ ಹಾಕಿಕೊಂಡು ಕೆರೆಗಿಳಿಯದ ಊರು ನಮ್ಮದು. ಆ ಪುಣ್ಯಾತ್ಮನೂ ಚಪ್ಪಲಿ ದಂಡೆಯ ಮೇಲೆ ಬಿಟ್ಟು, ಭಕ್ತಿಯಿಂದ ಬರಿಗಾಲಲ್ಲಿ ಇಳಿದು, ವಿಷ ತೊಳೆದಿದ್ದ.

ಮಧ್ಯಾಹ್ನದೊಳಗೆ ಗೌಸಬಿ ಆಯಿಯ ಮೊಮ್ಮಗಳು ವಾಂತಿ ಮಾಡಿಕೊಂಡು ನವಲಗುಂದದ ಆಸ್ಪತ್ರೆ ಸೇರಿದಳು. ಡಾಕ್ಟರು ಫೋನಿನಲ್ಲಿ ಕೇಳಿದ್ದು ಒಂದೇ: ಯಾವ ಎಣ್ಣೆ? ಅದು ತಿಳಿದರೆ ಸರಿಯಾದ ಔಷಧ ಕೊಡಬಹುದು. ಪಂಚಾಯ್ತಿ ಮುಂದೆ ಊರು ನೆರೆಯಿತು. ತನಿಖಾ ಸಮಿತಿಯಲ್ಲಿ ಯಾರು ಯಾರಿಗಿಂತ ಮೇಲೆ ಕೂಡಬೇಕೆಂದು ಸದಸ್ಯರು ಗಂಭೀರವಾಗಿ ಚರ್ಚಿಸಿದರು. ತೊಳೆದವನ ಕೈ ಮುರಿಯುವುದೆಂದೂ ಠರಾವಾಯಿತು. ಇಷ್ಟಾದ ಮೇಲೆ ಯಾವ ಮನುಷ್ಯ ಬಾಯಿ ಬಿಟ್ಟಾನು?

ಅಷ್ಟರಲ್ಲಿ ಅವ್ವ ಸೆರಗಿನಲ್ಲಿ ಒಂದು ಖಾಲಿ ಬಾಟಲಿ ಹಿಡಿದು ಬಂದಳು. ಅದರ ಮೇಲಿನ ಹೆಸರನ್ನು ಎಲ್ಲರೆದುರೇ ಡಾಕ್ಟರಿಗೆ ಓದಿ ಹೇಳಿದಳು.

"ಬಾಟ್ಲಿ ಯಾರ ಮನೀದು ಬೇ ದೇವಕ್ಕ?" ಎಂದ ಕುಬೇರಪ್ಪ. ಅವ್ವನ ಕುರ್ಚಿಗಾಗಿ ಬಹಳ ದಿನದಿಂದ ತಪಸ್ಸು ಮಾಡುತ್ತಿರುವ ಸದಸ್ಯ.

"ನಮ್ಮ ಮನೀದು. ತೊಳದಾಂವ ನನ್ನ ಗಂಡ. ಕುರ್ಚಿ ಬೇಕಂದ್ರ ನಾಳೆ ತಗೋ ಕುಬೇರಪ್ಪಣ್ಣ. ಇವತ್ತ ನಿನ್ನ ಟ್ರ್ಯಾಕ್ಟರ್ ಕೊಡು, ನೀರು ತರಬೇಕು."

ಕೊಟ್ಟ. ಕೊಡದೆ ಏನು ಮಾಡ್ತಾನ?

ಹುಡುಗಿ ಗುಣವಾಗಿ ಮನೆಗೆ ಬಂದಳು. ಟ್ಯಾಂಕರ್ ನೀರು ಊರ ಆಚೆ ತುದಿಯಿಂದ ಹಂಚುತ್ತ ಬರುತ್ತದೆ, ಅಧ್ಯಕ್ಷರ ಮನೆ ಕೊನೆಗೆ. ನಮ್ಮ ಬಾಗಿಲಿಗೆ ಬರುವಾಗ ಟ್ಯಾಂಕರ್ ಖಾಲಿಯಾಗಿ ಬರೀ ಕೆಮ್ಮುತ್ತದೆ. ಅವಿಶ್ವಾಸ ತರುತ್ತಾರಂತೆ ಎಂದರೆ ಅವ್ವ, "ತರ್ಲಿ ಬಿಡು, ಮೊದಲ ಕೆರಿ ಖಾಲಿ ಮಾಡಿ ತೊಳೀಬೇಕು" ಎನ್ನುತ್ತಾಳೆ. ಅಪ್ಪ ಒಂದೇ ಸಲ ಮಾತಾಡಿದ: "ಊರ ಮುಂದ ನನ್ನ ಹೆಸರ ಹೇಳಬೇಕಿತ್ತೇನು?" ಆಮೇಲೆ ಗೋಡೆಗೆ ಮುಖ ಮಾಡಿ ಉಣ್ಣುತ್ತಾನೆ. ಅವ್ವ ಬಡಿಸುತ್ತಾಳೆ.

ಸ್ನಾನ ಕಾಣದೆ ನಾರುತ್ತಿರುವ ನಿನ್ನ ತಮ್ಮ,
ಅಮೋಘಸಿದ್ದ

ತಾ.ಕ.: ಬಾಟಲಿ ನಮ್ಮ ಕೊಟ್ಟಿಗೆಯ ಹಿಂದೆ, ಅಪ್ಪ ತೊಳೆದು ತಂದಿಟ್ಟ ಹಸಿ ಪಂಪಿನ ಪಕ್ಕ ಬಿದ್ದಿತ್ತು. ಅವ್ವನ ಕೈಗೆ ತಂದುಕೊಟ್ಟವನು ನಾನು. ಊರಿಗೆ ಸುಳ್ಳು ಹೇಳದವಳು ಅಪ್ಪನಿಗೆ ಮಾತ್ರ ತಾನೇ ಹುಡುಕಿದೆ ಎಂದಿದ್ದಾಳೆ. ಅಪ್ಪನಿಗೆ ನಿಜ ಹೇಳಿಬಿಡುತ್ತೇನೆ ಅಕ್ಕ. ಹೇಳುವಾಗ ನೀನು ಬಾಜು ಇರಬೇಕು. ಬಾ.