ಸೋಮವಾರದ ಹರಳೆಣ್ಣೆ

ರಾಮನಗರ

ಅಂಬುಜಕ್ಕನಿಗೆ ಶಿವಲಿಂಗುವಿನ ನಮಸ್ಕಾರ.

ನಾವು ದುಡಿದ ರೇಷ್ಮೆ ಕಾರ್ಖಾನೆಯನ್ನು ಕೆಡವುತ್ತಿದ್ದಾರೆ. ನೋಡುತ್ತಾ ನಿಂತವನಿಗೆ ನಿಮ್ಮ ನೆನಪಾಯಿತು.

ಭಾನುವಾರ ಬೈಕ್ ರೇಸಿನಲ್ಲಿ ಬಿದ್ದು ಬಂದರೆ, ಸೋಮವಾರ ನನ್ನ ತರಚಿದ ಅಂಗೈಗೆ ನೂಲು ಸಿಕ್ಕಿ ಹರಿಯುತ್ತಿತ್ತು. "ಹುಚ್ಮುಂಡೇದೇ, ತೋರ್ಸು ಕೈಯ" ಎಂದು ಬೈದು, ಹರಳೆಣ್ಣೆ ಹಚ್ಚಿ, ನನ್ನ ಪಾಲಿನ ನೂಲನ್ನೂ ನೀವೇ ಸುತ್ತುತ್ತಿದ್ದಿರಿ. ಕಾರ್ಖಾನೆಗೆಲ್ಲ ನಾನೊಬ್ಬ ತಿಕ್ಕಲ. ನನ್ನ ರೇಸ್ ನೋಡಲು ಕಾರ್ಖಾನೆಯವರು ಯಾರೂ ಬರಲಿಲ್ಲವೆಂದು ಇಷ್ಟು ವರ್ಷ ಕೊರಗಿದ್ದೆ.

ಕನಕಪುರದ ರೇಸಿನ ಮಾರನೆಯ ದಿನ ಮಾತ್ರ, ನಾನು ಕೈ ತೋರಿಸುವ ಮೊದಲೇ ಎಣ್ಣೆ ಬಾಟಲಿ ನನ್ನ ಮಿಷನ್ ಮೇಲಿತ್ತು. ಅದು ಹೇಗೆಂದು ಮೊನ್ನೆ ನಮ್ಮ ಜೊತೆಗಿದ್ದ ಬೈರಪ್ಪ ಹೇಳಿದ: "ಅವತ್ತು ಎಲ್ರೂ ಬಂದಿದ್ವಿ ಕಣ್ಲಾ. ಹುಣಸೆಮರದ ಹಿಂದೆ ನಿಂತಿದ್ವಿ. ನೀನು ಬಿದ್ದಿದ್ದೂ ನೋಡುದ್ವಿ. ಅಕ್ಕ ಮಾತ್ರ ಮುಚ್ಚಿದ್ ಕಣ್ಣ ಮುಗಿಯೋಗಂಟ ಬುಡ್ಲೇ ಇಲ್ಲ."

ಬರುವ ಭಾನುವಾರ ಮಾಗಡಿಯ ರೇಸಿನಲ್ಲಿ ನನ್ನ ಮಗಳು ಓಡಿಸುತ್ತಾಳೆ. ನೀವು ಬರಬೇಕು. ಮುಂದಿನ ಸಾಲಿನಲ್ಲೇ ಕುರ್ಚಿ ಹಿಡಿದಿರುತ್ತೇನೆ. ಹರಳೆಣ್ಣೆ ತಂದರೂ ಸರಿಯೇ, ಈ ಸಲ ಕಣ್ಣು ಮಾತ್ರ ಬಿಟ್ಟುಕೊಂಡಿರಿ.

ನಿಮ್ಮ ತಿಕ್ಕಲ,
ಶಿವಲಿಂಗು