ಭಾರ ಎತ್ತಬಹುದಂತೆ

ಅಪ್ಪಾ,

ಮುಂಗೈ ಸ್ನಾಯು ಸೆಳೆದುಕೊಂಡ ಮೇಲೆ ಇವತ್ತೇ ಮೊದಲು ಬೇಸ್‌ಬಾಲ್ ಎಸೆದೆ. ಫಿಸಿಯೋ ಪಕ್ಕದಲ್ಲೇ ನಿಂತು, "ಮೆಲ್ಲಗೆ, ಅರ್ಧ ಜೋರು ಸಾಕು" ಅನ್ನುತ್ತಲೇ ಇದ್ದರು. ಎದುರಿಗೆ ಹಿಡಿಯುವವರಿರಲಿಲ್ಲ, ಬಲೆ ಕಟ್ಟಿದ್ದರು. ಬಲೆಗೆ ಬಿದ್ದ ಚೆಂಡು ಸದ್ದೇ ಮಾಡುವುದಿಲ್ಲ. ನೀನಾದರೆ ಚೆಂಡಿನ ಬಕೆಟ್ಟಿನ ಮುಚ್ಚಳದ ಮೇಲೆ ಕೂತು, ನಾನೆಸೆದ ಚೆಂಡು ನಿನ್ನ ಗ್ಲೌಸಿಗೆ ಬಿದ್ದ ಸದ್ದು ಕೇಳಿಯೇ, "ಕೈ ನೋಯ್ತಿದೆ ನಿಂಗೆ, ಸುಳ್ಳು ಹೇಳ್ಬೇಡ, ನಡಿ ಮನೆಗೆ" ಅನ್ನುತ್ತಿದ್ದೆ.

ಫಿಸಿಯೋ ಮುಂಗೈ ಒತ್ತಿ ನೋಡಿ, "ವಾಸಿಯಾಗಿದೆ. ಇನ್ಮೇಲೆ ಭಾರ ಎತ್ಬಹುದು" ಎಂದರು. ನಾನು ತಲೆಯಾಡಿಸಿದೆ.

ಆಸ್ಪತ್ರೆಯಲ್ಲಿ ನಿನ್ನನ್ನು ಎಬ್ಬಿಸಿ ಕೂರಿಸಲು ನಾನು ಬಂದಾಗಲೆಲ್ಲ ನೀನು ಬೇಡವೆಂದು ಕೈ ಅಡ್ಡ ಹಿಡಿಯುತ್ತಿದ್ದೆ. "ನೀನು ಮುಟ್ಬೇಡ, ನರ್ಸನ್ನ ಕರಿ. ಮೂಟೆ ಭಾರ ಇದೀನಿ ನಾನು. ಇನ್ನೊಂದ್ಸಲ ಕೈ ಹೋದ್ರೆ ಆಟ ಮುಗೀತು ಅಂತ್ಲೇ." ಆಗ ನೀನು ಹಾಸಿಗೆಯಲ್ಲಿ ಎಲ್ಲಿದ್ದೀಯೆಂದು ಹುಡುಕುವಷ್ಟು ಸವೆದಿದ್ದೆ. ಆದರೂ ನಾನು ನರ್ಸನ್ನೇ ಕರೆದೆ. ಕೊನೆಗೆ ಚಟ್ಟದ ಮೇಲೆ ನಿನ್ನನ್ನು ಹೊತ್ತವರು ಚಿಕ್ಕಪ್ಪ ಮತ್ತು ನನ್ನ ತಂಡದವರು. ನಾನು ಕೈಗೆ ಪಟ್ಟಿ ಕಟ್ಟಿಕೊಂಡು ಹಿಂದೆ ನಡೆದೆ. ನೀನು ಹೇಳಿದ ಹಾಗೆಯೇ ನಡೆದುಕೊಂಡೆ.

ಇವತ್ತು ಎಲ್ಲರೂ ಹೋದ ಮೇಲೆ ಚೆಂಡುಗಳನ್ನು ಆರಿಸಿ ಬಕೆಟ್ಟಿಗೆ ತುಂಬಿದೆ. ನೀನು ಯಾವತ್ತೂ ನನ್ನ ಕೈಗೆ ಕೊಡದಿದ್ದ ಬಕೆಟ್ಟು ಅದು. ಎಸೆಯುವ ಕೈಯಲ್ಲೇ ಹಿಡಿದು ಮನೆಗೆ ತಂದೆ. ಎಲ್ಲಾದರೂ ನೋಯಬಹುದೆಂದು ದಾರಿಯುದ್ದಕ್ಕೂ ಕಾದೆ.

ಕೈ ಒಂದಿಷ್ಟೂ ನೋಯಲಿಲ್ಲ, ಅಪ್ಪಾ.