ಅಮ್ಮನ ಕೈಯಳತೆಯ ಕ್ಯಾಮೆರಾ

ಮಾರ್ಚ್ 3, ಮಧ್ಯಾಹ್ನ 1.20

ಇನ್ನೂರು ಪುಟಗಳ ಏಕಮಾತ್ರ ಒಡೆಯರೂ, ನೀಲಿ ಗೆರೆಗಳ ಚಕ್ರವರ್ತಿಗಳೂ, ಟೀ ಕಲೆಯಿಂದ ಅಲಂಕೃತರೂ, ‘ಎರಡು ಕೊಂಡರೆ ಒಂದು ಉಚಿತ’ ಯೋಜನೆಯಲ್ಲಿ ಉಚಿತವಾಗಿಯೇ ಅವತರಿಸಿದವರೂ ಆದ ಶ್ರೀಮನ್ಮಹಾ ದಿನಚರಿ ಮಹಾಪ್ರಭುಗಳ ಸನ್ನಿಧಿಯಲ್ಲಿ, ಈ ಸೂಪರ್ ಮಾರ್ಕೆಟ್ಟಿನ ಅಧಿಕೃತ ಕಂಠವಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ—

ಊಟದ ಬಿಡುವು ಇನ್ನು ಹತ್ತೇ ನಿಮಿಷ. ಚಿಕ್ಕದಾಗಿ ಹೇಳ್ತೀನಿ.

ಬೆಳಗ್ಗೆಯಿಂದ ಹದಿನಾಲ್ಕು ಸಲ ಮೈಕಿನಲ್ಲಿ “ಗ್ರಾಹಕರ ಗಮನಕ್ಕೆ” ಅಂದಾಯ್ತು. ಹದಿನೈದನೆಯದು: “ತರಕಾರಿ ವಿಭಾಗದಲ್ಲಿ ಎಡಗಾಲಿನ ಚಪ್ಪಲಿಯೊಂದು ಏಕಾಂಗಿಯಾಗಿ ಶೋಕಿಸುತ್ತಿದೆ.” ಮ್ಯಾನೇಜರ್ ಕರೆದು ಬೈದರು. ಚಪ್ಪಲಿಯ ಒಡತಿ ಮಾತ್ರ ಕುಂಟುತ್ತಾ ಬಂದು ಥ್ಯಾಂಕ್ಸ್ ಹೇಳಿದರು.

ವಿಷಯ ಅದಲ್ಲ. ಅಮ್ಮನ ಫೋಟೋ ವಾಪಸ್ ಬಂದಿದೆ.

ಅಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಇಪ್ಪತ್ತನಾಲ್ಕು ವರ್ಷದಿಂದ ನೆಲಮಾಳಿಗೆ. ಎಲ್ಲರ ಮೂಳೆ ಅವಳಿಗೆ ಗೊತ್ತು, ಅವಳ ಮುಖ ಯಾರಿಗೂ ಗೊತ್ತಿಲ್ಲ. ಬಿಡುವಾದಾಗ ಫೋನಿನಲ್ಲಿ ಫೋಟೋ ತೆಗೆಯೋ ಹುಚ್ಚು. ಈಗ ಆಸ್ಪತ್ರೆಯ ಮೇಲಿನ ಕಾರಿಡಾರಿನಲ್ಲಿ ಸಿಬ್ಬಂದಿ ತೆಗೆದ ಚಿತ್ರ ತೂಗುಹಾಕ್ತಾರಂತೆ. ಅಮ್ಮ ಕಳಿಸಿದ್ದು ಒಂದು ಟ್ರೇ. ಎಕ್ಸ್‌ರೇಗೆ ಮುಂಚೆ ಜನ ಬಿಚ್ಚಿಡುವ ವಾಚು, ಬೆಲ್ಟು, ಹೇರ್‌ಪಿನ್ನು. ಉತ್ತರ ಬಂತು: ಚಿತ್ರ ಚೆನ್ನಾಗಿದೆ, ದೊಡ್ಡದು ಮಾಡಿದರೆ ಚುಕ್ಕಿಚುಕ್ಕಿಯಾಗಿ ಒಡೆದುಹೋಗುತ್ತೆ, ಒಳ್ಳೆ ಕ್ಯಾಮೆರಾದಲ್ಲಿ ತೆಗೆದು ಇಪ್ಪತ್ತರೊಳಗೆ ಕೊಡಿ.

“ಬಿಡೇ, ನನಗೆ ಮೂಳೆನೇ ಸಾಕು” ಅಂದಳು. ಫೋನಿನಲ್ಲಿದ್ದ ಟ್ರೇ ಫೋಟೋಗಳನ್ನೆಲ್ಲ ಅಳಿಸಿದಳು. ಒಂದೊಂದಾಗಿ.

ಬಿಡಲ್ಲ ನಾನು.

ಮಾರ್ಚ್ 5, ಬೆಳಗ್ಗೆ

ಅಮ್ಮನಿಗೆ ಕ್ಯಾಮೆರಾ ಕೊಡಿಸ್ತೀನಿ ಅಂತ ಅಣ್ಣನ ಹತ್ತಿರ ಹೇಳಿದ್ದೇ ತಪ್ಪು.

“ಮೈಕೂ,” (ನನಗೆ ಅವನಿಟ್ಟ ಬಿರುದು) “ಐವತ್ಮೂರನೇ ವಯಸ್ಸಿಗೆ ಅಮ್ಮನಿಗೆ ಡಿಎಸ್‌ಎಲ್‌ಆರ್ ಯಾಕೆ? ಕುತ್ತಿಗೆ ನೋವು ಬೇರೆ.”

“ಇಪ್ಪತ್ತೊಂಬತ್ತನೇ ವಯಸ್ಸಿಗೆ ನಿನಗೆ ಗಿಟಾರ್ ಯಾಕೆ? ಅಕ್ಕಪಕ್ಕದವರಿಗೆ ಕಿವಿ ನೋವು ಬೇರೆ.”

“ಬೀರುವಿನಲ್ಲಿ ಧೂಳು ತಿನ್ನುತ್ತೆ, ನೋಡ್ತಿರು.”

“ಗಿಟಾರ್‌ಗೆ ಜೊತೆ ಆಯ್ತಲ್ಲ ಬಿಡು.”

ಗ್ರಾಹಕರ ಗಮನಕ್ಕೆ: ಕ್ಯಾಮೆರಾ ಬಂದೇ ಬರುತ್ತದೆ. ಆಕ್ಷೇಪಣೆ ಇರುವವರು ಗೇಟಿನ ಹೊರಗೆ ಸಾಲಾಗಿ ನಿಲ್ಲತಕ್ಕದ್ದು.

ಮಾರ್ಚ್ 7

ಹನ್ನೊಂದು ವಿಡಿಯೋ ನೋಡಿದೆ. ಎಲ್ಲರದ್ದೂ ಒಂದೇ ರಾಗ— ಡಿಎಸ್‌ಎಲ್‌ಆರ್ ಕಾಲ ಮುಗೀತು, ಮಿರರ್‌ಲೆಸ್ ತಗೊಳ್ಳಿ. ಮುಗಿದಿದ್ದರೆ ಮುಗೀಲಿ. ಅಮ್ಮನ ಕೈಗೆ ಯಾವುದು ಕೂರುತ್ತೆ ಅಂತ ಒಬ್ಬನೂ ಹೇಳಲಿಲ್ಲ. ಅವಳ ಕೈ ಹತ್ತು ವರ್ಷದ ಮಗುವಿನಷ್ಟು.

ಮೋಸ ಮಾಡದೆ ಬೇರೆ ದಾರಿಯಿಲ್ಲ.

ಮಾರ್ಚ್ 8, ಸಂಜೆ 6

ಮೋಸ ಯಶಸ್ವಿ. “ಫ್ರೆಂಡ್‌ಗೆ ಕ್ಯಾಮೆರಾ ಬೇಕಮ್ಮಾ, ಅವಳ ಕೈ ನಿನ್ನ ಕೈಯಷ್ಟೇ, ಹಿಡಿದು ನೋಡು ಬಾ” ಅಂದೆ. ಬಂದಳು.

ಅಂಗಡಿಯ ಸೇಲ್ಸ್‌ನವರು ದಪ್ಪ ಕನ್ನಡಕ, ಸಾಧು ಮನುಷ್ಯ. ಮೊದಲು ಮಿರರ್‌ಲೆಸ್ ಕೊಟ್ಟರು. ಅಮ್ಮ ಕಣ್ಣಿಟ್ಟು ತಕ್ಷಣ ತೆಗೆದಳು.

“ಇದರೊಳಗೂ ಟಿವಿನೇ ಇದೆಯಲ್ರೀ.”

“ಹೊಸ ಟೆಕ್ನಾಲಜಿ ಮೇಡಂ. ಫೋಟೋ ಹೇಗೆ ಬರುತ್ತೋ ಹಾಗೇ ಕಾಣುತ್ತೆ.”

“ದಿನವಿಡೀ ಸ್ಕ್ರೀನೇ ನೋಡ್ತೀನಿ. ಸ್ಕ್ರೀನ್ ಇಲ್ಲದ್ದು ಕೊಡಿ.”

ಆಗ ಬಂತು ಡಿಎಸ್‌ಎಲ್‌ಆರ್. ಒಳಗೆ ಕನ್ನಡಿ, ಗಾಜು, ಅಷ್ಟೇ. ಎದುರಿಗಿದ್ದ ಬೆಳಕೇ ನೇರ ಕಣ್ಣಿಗೆ. ಅಮ್ಮ ಕಣ್ಣಿಟ್ಟವಳು ತೆಗೆಯಲೇ ಇಲ್ಲ. ದೊಡ್ಡ ಮಾಡೆಲ್‌ಗಳಲ್ಲಿ ಬೆರಳು ಬಟನ್ ಮುಟ್ಟಲಿಲ್ಲ. ಎಲ್ಲಕ್ಕಿಂತ ಚಿಕ್ಕದು ಅಂಗೈಯಲ್ಲಿ ಸರಿಯಾಗಿ ಕೂತಿತು.

ಆಮೇಲೆ ನಡೆದದ್ದು ಚರಿತ್ರೆಯಲ್ಲಿ ದಾಖಲಾಗತಕ್ಕದ್ದು. ಕ್ಯಾಮೆರಾವನ್ನ ಸೇಲ್ಸ್‌ನವರ ಕಡೆ ತಿರುಗಿಸಿ, ಇಪ್ಪತ್ತನಾಲ್ಕು ವರ್ಷದ ಅಭ್ಯಾಸಬಲದಿಂದ, ಅಮ್ಮ ಅಪ್ಪಣೆ ಕೊಟ್ಟಳು:

“ಉಸಿರು ಎಳ್ಕೊಳ್ಳಿ. ಹಾಗೇ ಹಿಡ್ಕೊಳ್ಳಿ. ಅಲ್ಲಾಡಬೇಡಿ.”

ಪಾಪ, ಹಿಡ್ಕೊಂಡರು. ಅಮ್ಮ ಕ್ಲಿಕ್ ಮಾಡಿದಳು, ಚಿತ್ರ ನೋಡುತ್ತಾ ಮೈಮರೆತಳು. “ಬಿಡಿ” ಅನ್ನೋದು ಮರೆತೇಹೋಯ್ತು. ಮನುಷ್ಯ ಟೊಮೇಟೊ ಬಣ್ಣಕ್ಕೆ ತಿರುಗಿದ ಮೇಲೆ ನಾನೇ ಹೇಳಬೇಕಾಯ್ತು— ಬಿಡಿ ಸರ್, ಬಿಡಿ.

“ಎದೆ ಕ್ಲಿಯರ್ ಇದೆಯಾ ಮೇಡಂ?” ಅಂತ ಕೇಳಿದರು. ಒಳ್ಳೆಯವರು.

ಮಾರ್ಚ್ 9, ಸಂಜೆ 5.40

ಕೊಂಡೆ. ಅದೇ ಚಿಕ್ಕದು, ಜೊತೆಗೇ ಬರೋ ಸಾಧಾರಣ ಲೆನ್ಸು, ಒಂದು ಮೆಮೊರಿ ಕಾರ್ಡು. ದೂರದ ಹಕ್ಕಿ ತೆಗೆಯೋಕೆ ಇನ್ನೊಂದು ಲೆನ್ಸ್ ತಗೊಳ್ಳಿ ಅಂದರು. “ಅಮ್ಮನ ಹಕ್ಕಿಗಳು ಟ್ರೇ ಮೇಲೇ ಕೂತಿರ್ತಾವೆ ಸರ್.” ಸ್ಟ್ಯಾಂಡೂ ಬೇಡ ಅಂದೆ, ಬ್ಯಾಗೂ ಬೇಡ ಅಂದೆ. ಎದೆಯುಬ್ಬಿಸಿಕೊಂಡು ಬಂದೆ.

ನಾಳೆ ಬೆಳಗ್ಗೆ ಅಮ್ಮನ ಕೈಗೆ. ಅಣ್ಣನ ಕಣ್ಣೆದುರಿಗೇ.

ಮಾರ್ಚ್ 13

ಕೆಲಸ ಜಾಸ್ತಿ. ಕೊಡೋಕೆ ಆಗಿಲ್ಲ. ಬ್ಯಾಟರಿ ಬೇರೆ ಚಾರ್ಜ್ ಆಗಬೇಕಿತ್ತು... ಮೂರು ಸಲ.

ಮಹಾಪ್ರಭುಗಳು ಹಾಗೆ ನೋಡತಕ್ಕದ್ದಲ್ಲ.

ಮಾರ್ಚ್ 14, ಬೆಳಗ್ಗೆ 8

ಕೊಟ್ಟೆ. ತಿಂಡಿ ತಟ್ಟೆ ಪಕ್ಕಕ್ಕೆ ಸರಿಸಿ ಬಾಕ್ಸ್ ಇಟ್ಟೆ.

ಅಮ್ಮ ತುಂಬ ಹೊತ್ತು ಮುಚ್ಚಳದ ಮೇಲೇ ಕೈಯಾಡಿಸಿದಳು. “ನನಗೆ ಆವತ್ತೇ ಗೊತ್ತಾಯ್ತು. ಇಷ್ಟು ಚಿಕ್ಕ ಕೈಯಿರೋ ಫ್ರೆಂಡ್ ನಿನಗೆ ಎಲ್ಲಿದ್ದಾಳೆ?”

ಅಣ್ಣ ಸುಮ್ಮನಿರಬೇಕಲ್ಲ. “ಅಮ್ಮಾ, ಇದರಲ್ಲಿ ಎಷ್ಟು ಬಟನ್ ಇದೆ ನೋಡಿದ್ಯಾ?”

“ನನ್ನ ಮೆಷಿನ್ನಿನಲ್ಲಿ ಇದಕ್ಕಿಂತ ಜಾಸ್ತಿ ಇದೆ ಕಣೋ. ಅಲ್ಲಿ ತಪ್ಪು ಒತ್ತಿದ್ರೆ ಜನಕ್ಕೆ ತೊಂದರೆ. ಇಲ್ಲಿ ಯಾರಿಗೇನು?”

ಅಣ್ಣ ತಿಂಡಿ ಮುಂದುವರಿಸಿದ. ನಾನು ಎರಡನೇ ಸಲ ಬಡಿಸಿಕೊಂಡೆ.

ಮಾರ್ಚ್ 17, ಸಂಜೆ

ಟ್ರೇ ಬಂತು. ವಸ್ತು ಯಾರದ್ದೋ ಅವರನ್ನೆಲ್ಲ ಕೇಳಿಯೇ ತೆಗೆದಿದ್ದಾಳೆ. ಬೀಗದ ಕೈ ಗೊಂಚಲು, ಮುಳ್ಳು ನಿಂತ ವಾಚು, ಮಗುವಿನ ಒಂದೇ ಒಂದು ಕ್ಲಿಪ್ಪು. ಗೋಡೆಯ ತುದಿಯ ಕಿಂಡಿಯಿಂದ ಬಿದ್ದ ಅಂಗೈಯಗಲ ಬಿಸಿಲು. ಯಾರೋ ಬಂದು ಎತ್ತಿಕೊಳ್ಳಲಿ ಅಂತ ಎಲ್ಲವೂ ಕಾಯ್ತಾ ಇರೋ ಹಾಗಿದೆ.

ಅಣ್ಣ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದ. ಇನ್ನೂ ದೊಡ್ಡದು. ವಾಚಿನ ಗಾಜಿನ ಗೀರು ಕೂಡ ಕಾಣಿಸ್ತು. ಒಡೆಯಲಿಲ್ಲ.

“ಹೂಂ” ಅಂದ. ಅವನ ಲೆಕ್ಕದಲ್ಲಿ ಅದು ಸಾಷ್ಟಾಂಗ ನಮಸ್ಕಾರ.

ಮಾರ್ಚ್ 18, ಸಂಜೆ 7

ಕೆಟ್ಟಿತು.

ಅರ್ಜಿಯಲ್ಲಿ ಚಿತ್ರದ ಸಂಖ್ಯೆ ಕೇಳಿದ್ದಾರೆ. ಅಮ್ಮ ನೋಡಿದಳು— 447. ಅವಳು ತೆಗೆದಿರೋದು ಮೂವತ್ತೈದು.

“ನನ್ನ ಮೊದಲ ಫೋಟೋಗೆ 413 ಅಂತ ಯಾಕೆ ಬಂತು? ಹಿಂದಿನ ನಾನೂರ ಹನ್ನೆರಡು ಎಲ್ಲಿ?”

ಅಳಿಸಿದರೂ ನಂಬರ್ ಮುಂದಕ್ಕೇ ಓಡುತ್ತೆ ಅಂತ ಹನ್ನೊಂದು ವಿಡಿಯೋದಲ್ಲಿ ಒಬ್ಬನಾದರೂ ಹೇಳಬೇಕಿತ್ತು.

“ಅಂಗಡಿಯವರು ಟೆಸ್ಟ್ ಮಾಡಿರ್ತಾರಮ್ಮಾ.”

“ನಾನೂರು ಟೆಸ್ಟಾ? ಯಾರೋ ಬಳಸಿದ್ದನ್ನ ಹೊಸದು ಅಂತ ನಿನ್ನ ತಲೆಗೆ ಕಟ್ಟಿದ್ದಾರೆ. ನೋಡಿದ್ರೆ ಸಾಧು. ನಾಳೆ ಬೆಳಗ್ಗೆ ವಾಪಸ್ ಕೊಡೋದೇ.”

“ನಾಡಿದ್ದು ಕೊನೇ ದಿನ. ಅರ್ಜಿ ಕೊಟ್ಟುಬಿಡು, ಆಮೇಲೆ—”

“ನಮ್ಮ ರಿಜಿಸ್ಟರಿನಲ್ಲಿ ಒಂದು ನಂಬರ್ ಹಾರಿದ್ರೂ ನಾನು ಸಹಿ ಹಾಕಲ್ಲ ಕಣೇ. ನಂಬರ್ ಹಾರಿದೆ ಅಂದ್ರೆ ಯಾರದ್ದೋ ಮೂಳೆ ಕಾಣೆಯಾಗಿದೆ ಅಂತ. ಇದಕ್ಕೂ ಸಹಿ ಹಾಕಲ್ಲ.”

ಅರ್ಜಿ ಅವಳ ಬ್ಯಾಗಿನಲ್ಲಿದೆ. ಸಹಿ ಜಾಗ ಖಾಲಿ.

ಮಾರ್ಚ್ 19, ಬೆಳಗ್ಗೆ 8.15

ಚಪ್ಪಲಿ ಮೆಟ್ಟಿದ್ದಳು, ಬಾಕ್ಸ್ ಕಂಕುಳಲ್ಲಿತ್ತು. ಬಾಗಿಲಿಗೆ ಅಡ್ಡ ನಿಂತೆ.

“ನಾನೂರ ಹನ್ನೆರಡೂ ನಂದೇ ಅಮ್ಮಾ.”

“ಏನು ತೆಗೆದೆ ಅಷ್ಟೊಂದು?”

“ಬಕೆಟ್ಟು. ಕಾಗೆ. ನನ್ನ ಮೂಗು, ಬೇರೆ ಬೇರೆ ಕೋನದಿಂದ.”

“ಅಳಿಸಿದ್ಯಾಕೆ?”

“ಮೂಗು ಸರಿಯಾಗಿ ಬರಲಿಲ್ಲ.”

“ಇದ್ದರೆ ತಾನೇ ಬರೋಕೆ.” ಅಲ್ಲೇ ಕೂತು, ಬಾಕ್ಸಿನ ಮೇಲೇ ಅರ್ಜಿಯಿಟ್ಟು, ಅಂಚಿನಲ್ಲಿ ಬರೆದಳು: ‘1ರಿಂದ 412— ಮಗಳು ಮಾಡಿದ ಪರೀಕ್ಷಾ ಚಿತ್ರಗಳು.’ ಕೆಳಗೆ ಸಹಿ. ಬಾಕ್ಸ್ ಮೇಜಿನ ಮೇಲಿಟ್ಟು ಹೊರಟಳು. ಈಗ ಆಸ್ಪತ್ರೆ ಮೆಟ್ಟಿಲು ಹತ್ತುತ್ತಿರ್ತಾಳೆ. ನೆಲಮಾಳಿಗೆ ಕಡೆಗಲ್ಲ, ಮೇಲಕ್ಕೆ.

ಗೆದ್ದೆವು ಅಂತ ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೀಬೇಕು ಅಂತ ಕೂತೆ. ಆಗ್ತಿಲ್ಲ.

ಪರೀಕ್ಷೆ ಅನ್ನೋ ಮಾತು ಅಮ್ಮನದು. ನಾನು ಅಲ್ಲ ಅನ್ನಲಿಲ್ಲ, ಅಷ್ಟೇ. ಪರೀಕ್ಷೆ ಅಲ್ಲ ಮಹಾಪ್ರಭು. ಕೊಂಡ ಮೇಲಿನ ಆ ನಾಲ್ಕು ದಿನ ನನಗೆ ಕೊಡೋ ಮನಸ್ಸೇ ಇರಲಿಲ್ಲ. ಬಾಕ್ಸಿನ ತಳದಲ್ಲಿ ನನ್ನ ಹೆಸರೂ ಬರೆದಾಗಿತ್ತು, ಮಾರ್ಕರಿನಲ್ಲಿ, ಉದ್ದಕ್ಕೆ. ಕೊಡೋ ದಿನ ಬೆಳಗ್ಗೆ ಅದರ ಮೇಲೆ ನಮ್ಮ ಅಂಗಡಿಯ ‘ಇಂದಿನ ತಾಜಾ’ ಸ್ಟಿಕರ್ ಅಂಟಿಸಿದೆ. ಈಗ ಅದರ ಒಂದು ಮೂಲೆ ಎದ್ದಿದೆ. ಎದ್ದಿರೋದಲ್ಲ... ಯಾರೋ ಉಗುರಲ್ಲಿ ಎಬ್ಬಿಸಿ, ನೋಡಿ, ಮತ್ತೆ ಒತ್ತಿಟ್ಟ ಹಾಗಿದೆ. ಉಗುರಿನ ಗುರುತು ಹತ್ತು ವರ್ಷದ ಮಗುವಿನದಷ್ಟು ಚಿಕ್ಕದು.